ಗುಳಿಗೆಗೆ ‘ಪವರ್’ ಉಂಟೆ?

ಬೈಲಹೊಂಗಲದ ಪೇಟೆಯಲ್ಲಿ ಸಂಜೆಯ ಹೊತ್ತು ಯಾವುದಾದರೊಂದು ಔಷಧದ ಅಂಗಡಿಯ ಮುಂದೆ ಕಾಲು ಗಂಟೆ ನಿಂತರೆ ಈ ಮಾತು ಕಿವಿಗೆ ಬೀಳದೆ ಇರದು: “ಅಣ್ಣಾರ, ಐದನೂರ ಪವರಿಂದು ಬ್ಯಾಡ್ರಿ, ಆರನೂರಾ ಐವತ್ತ ಪವರಿಂದು ಕೊಡ್ರಿ.” ಕಿತ್ತೂರಿನಲ್ಲಿಯೂ ಇದೇ ಮಾತು, ಸವದತ್ತಿ, ರಾಮದುರ್ಗಗಳಲ್ಲಿಯೂ ಇದೇ ಮಾತು. ಕೊಳ್ಳುವವರಿಗೂ ಕೊಡುವವರಿಗೂ ಅರ್ಥವಾಗುತ್ತದೆ, ವ್ಯಾಪಾರ ನಡೆಯುತ್ತದೆ. ಆದರೆ ಭೌತಶಾಸ್ತ್ರವನ್ನು ಬೋಧಿಸಿ ಜೀವಿಸುವ ನನ್ನಂಥವನಿಗೆ ಇದನ್ನು ಕೇಳಿದಾಗಲೆಲ್ಲ ರೊಟ್ಟಿಯಲ್ಲಿ ಹರಳು ಸಿಕ್ಕಂತಾಗುತ್ತದೆ. ‘ಪವರ್’ ಎಂದರೆ ಸಾಮರ್ಥ್ಯ. ಒಂದು ಸೆಕೆಂಡಿನಲ್ಲಿ ನಡೆಯುವ ಕೆಲಸದ ಅಳತೆ. ಅದರ ಮಾನ ವ್ಯಾಟ್. ಗುಳಿಗೆಯ ಹೊದಿಕೆಯ ಮೇಲೆ ಅಚ್ಚಾಗಿರುವ 500 ಎಂಬುದಾದರೋ ಮಿಲಿಗ್ರಾಮು, ಎಂದರೆ ಕೇವಲ ದ್ರವ್ಯರಾಶಿ. ಅರ್ಧ ಗ್ರಾಮು ಪದಾರ್ಥ ಅದರಲ್ಲಿದೆ ಎಂದಷ್ಟೇ ಅದರ ಅರ್ಥ. ಆ ಲೆಕ್ಕದಲ್ಲಿ ಅರ್ಧ ಗ್ರಾಮು ಉಪ್ಪಿಗೂ 500 ‘ಪವರ್’ ಇರಬೇಕಾದೀತು.

ಇದು ಪಂಡಿತರ ಕೊಸರಾಟವೆಂದು ನನ್ನ ಸಹೋದ್ಯೋಗಿಗಳೊಬ್ಬರು ನಗುತ್ತಾರೆ. ಜನರು ಕನ್ನಡಕಕ್ಕೂ ಪವರ್ ಎನ್ನುತ್ತಾರೆ, ಗುಳಿಗೆಗೂ ಎಂದರೆ ನಿಮ್ಮ ಗಂಟೇನು ಹೋಯಿತು ಎಂಬುದು ಅವರ ಪ್ರಶ್ನೆ. ಹೋಗುವ ಗಂಟು ನನ್ನದಲ್ಲ, ರೋಗಿಯದು ಎಂಬುದೇ ನನ್ನ ಉತ್ತರ. ಈ ಒಂದು ಶಬ್ದದೊಳಗೆ ಒಂದು ಸಿದ್ಧಾಂತವೇ ಅಡಗಿ ಕುಳಿತಿದೆ. ಔಷಧವೆಂಬುದು ಒಂದು ಬಲ, ಅದು ರೋಗವನ್ನು ಗುದ್ದುತ್ತದೆ, ಹೆಚ್ಚು ಹಾಕಿದರೆ ಹೆಚ್ಚು ಗುದ್ದುತ್ತದೆ, ದೊಡ್ಡದನ್ನು ಹಾಕಿದರೆ ಒಂದೇ ಏಟಿಗೆ ಮುಗಿಸುತ್ತದೆ ಎಂಬುದು ಆ ಸಿದ್ಧಾಂತ. ಅದು ತಪ್ಪು. ತಪ್ಪನ್ನು ನಂಬಿ ನಡೆದರೆ ಏನಾಗಬಹುದೆಂಬುದನ್ನು ನಾನು 2011ರ ಸೆಪ್ಟೆಂಬರಿನಲ್ಲಿ ಒಂದು ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ಕಂಡಿದ್ದೇನೆ.

ನಮ್ಮ ಸೋದರಮಾವನವರದು ಬೈಲಹೊಂಗಲ ತಾಲ್ಲೂಕಿನ ಎರೆಹೊಲ, ಬೆಳೆ ಹತ್ತಿ. ನಮ್ಮ ದೇಶಕ್ಕೆ 2002ರಲ್ಲಿ ಬಿ.ಟಿ. ಹತ್ತಿ ಬಂದ ತರುವಾಯ ಕಾಯಿಕೊರಕದ ಕಾಟ ಕಡಿಮೆಯಾಯಿತಾದರೂ, ರಸ ಹೀರುವ ಜಿಗಿಹುಳು, ಸಸ್ಯಹೇನುಗಳಿಗಾಗಿ ‘ಎಣ್ಣಿ ಹೊಡೆಯುವುದು’ ನಿಂತಿರಲಿಲ್ಲ. ಅಂದು ಮಧ್ಯಾಹ್ನದ ಬಿಸಿಲು, ಗಾಳಿ ಎದುರಿಗೆ, ಮಾವನವರ ಮೈಮೇಲೆ ಒಂದು ಬನಿಯನ್ನು ಮಾತ್ರ, ಬೆನ್ನಿಗೆ ಕಟ್ಟಿದ ಪಂಪಿನಿಂದ ಸೋರಿದ ದ್ರವವು ಬೆನ್ನನ್ನೆಲ್ಲ ತೋಯಿಸಿತ್ತು. ನಾಲ್ಕು ಗಂಟೆಯ ಸುಮಾರಿಗೆ ಅವರ ಕಣ್ಣು ಮಂಜಾಯಿತು, ಬೆವರು ಹರಿಯಿತು, ಬಾಯಿಂದ ಜೊಲ್ಲು ಸುರಿಯತೊಡಗಿತು, ವಾಂತಿಯಾಯಿತು. ಮನೆಯವರು ಮಜ್ಜಿಗೆ, ನಿಂಬೆಯ ಶರಬತ್ತುಗಳಲ್ಲಿ ಒಂದು ಗಂಟೆಯನ್ನು ಕಳೆದರು. ತೊಯ್ದ ಬನಿಯನ್ನನ್ನು ಯಾರೂ ತೆಗೆಯಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕಣ್ಣನ್ನು ನೋಡಿದರು. ಪಾಪೆ ಸೂಜಿಯ ಮೊನೆಯಷ್ಟಾಗಿತ್ತು. “ಬಾಟಲಿ ಎಲ್ಲಿ?” ಎಂದು ಕೇಳಿದರು. ಬಾಟಲಿ ಹೊಲದಲ್ಲಿಯೇ ಉಳಿದಿತ್ತು.

ಆ ಮೇಲೆ ಅಟ್ರೋಪಿನ್ ಎಂಬ ಔಷಧದ ಚುಚ್ಚುಮದ್ದು ಆರಂಭವಾಯಿತು. ಒಂದೊಂದು ಗಾಜಿನ ಕುಪ್ಪಿಯಲ್ಲಿ ಇರುವುದು 0.6 ಮಿಲಿಗ್ರಾಮು. ಕೆಲವು ಕುಪ್ಪಿ ಕೊಡುವುದು, ಐದು ನಿಮಿಷ ಕಾಯುವುದು, ಎದೆಗೆ ನಳಿಗೆಯಿಟ್ಟು ಕೇಳುವುದು, ಸಾಲದಿದ್ದರೆ ಮತ್ತೆ ಅದರ ಇಮ್ಮಡಿ ಕೊಡುವುದು. ತಟ್ಟೆಯಲ್ಲಿ ಒಡೆದ ಗಾಜಿನ ರಾಶಿ ಬೆಳೆಯುತ್ತಿರಲು, ನಮ್ಮ ಹಿರಿಯರೊಬ್ಬರು ತಾಳ್ಮೆಗೆಟ್ಟು, “ಡಾಕ್ಟರ್ರ, ಇಂಥಾ ಸಣ್ಣ ಸಣ್ಣವು ಯಾಕ್ರಿ? ಒಂದ ಪವರಿಂದು ಮಾಡಿ ಮುಗಸ್ರಿ” ಎಂದರು. ಮರುದಿನ ಬೆಳಿಗ್ಗೆ ಮಾವನವರ ಮುಖ ಕೆಂಪೇರಿ, ನಾಲಿಗೆ ಒಣಗಿ, ಹಾಸಿಗೆಯ ಬಟ್ಟೆಯನ್ನು ಕಿತ್ತುತ್ತ ಏನೇನೋ ಬಡಬಡಿಸತೊಡಗಿದಾಗ ಅದೇ ಹಿರಿಯರು, “ಇಂಜೆಕ್ಷನ್ನಿನ ಪವರ್ ತಲಿಗೇರೇತಿ, ಬ್ಯಾರೆ ಕಡೆ ಒಯ್ಯೋಣು” ಎಂದು ಗಾಡಿ ತರಿಸಲು ಹೊರಟರು. ರಾತ್ರಿ ಪವರ್ ಸಾಲದು, ಬೆಳಿಗ್ಗೆ ಪವರ್ ಹೆಚ್ಚು! ನಾನು ಆಗ ಬಿ.ಎಸ್‌ಸಿ. ವಿದ್ಯಾರ್ಥಿ. ಮನೆಯಲ್ಲಿ ಓದಿದವನೆಂದು ಎಲ್ಲರೂ ನನ್ನ ಮುಖವನ್ನು ನೋಡಿದರು. ಹೇಳಲು ನನ್ನಲ್ಲಿ ಒಂದು ಮಾತೂ ಇರಲಿಲ್ಲ.

ಹೇಳಬಹುದಾಗಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ.

1905ರಲ್ಲಿ ಕೇಂಬ್ರಿಜ್ಜಿನ ಲ್ಯಾಂಗ್ಲಿ ಎಂಬ ಶರೀರಶಾಸ್ತ್ರಜ್ಞನು ಕೋಳಿಯ ಸ್ನಾಯುವಿನ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದನು. ಅವನು ಬಳಸಿದ ಪದಾರ್ಥ ನಮ್ಮ ಜಿಲ್ಲೆಗೆ ಅಪರಿಚಿತವಲ್ಲ: ನಿಪ್ಪಾಣಿಯ ತಂಬಾಕಿನಲ್ಲಿರುವ ನಿಕೋಟಿನ್. ಸ್ನಾಯುವಿಗೆ ಬರುವ ನರವನ್ನು ಕತ್ತರಿಸಿ, ಅದು ಪೂರ್ಣವಾಗಿ ನಶಿಸಿದ ಮೇಲೂ ನಿಕೋಟಿನ್ ಹಚ್ಚಿದರೆ ಸ್ನಾಯು ಸಂಕೋಚಗೊಳ್ಳುತ್ತಿತ್ತು. ಆದಕಾರಣ ಅದು ಕೆಲಸ ಮಾಡುವುದು ನರದ ಮೇಲಲ್ಲ. ದಕ್ಷಿಣ ಅಮೆರಿಕದ ಬಾಣವಿಷವಾದ ಕ್ಯುರಾರೆಯನ್ನು ಹಚ್ಚಿದರೆ ನಿಕೋಟಿನ್ನಿನ ಆಟ ನಿಲ್ಲುತ್ತಿತ್ತು. ಆದರೆ ವಿದ್ಯುತ್ತನ್ನು ಹಾಯಿಸಿದರೆ ಅದೇ ಸ್ನಾಯು ಆಗಲೂ ಸೆಟೆಯುತ್ತಿತ್ತು. ಆದಕಾರಣ ಅದು ಸ್ನಾಯುವಿನ ಸಂಕೋಚದ ಯಂತ್ರದ ಮೇಲೂ ಅಲ್ಲ. ಇವೆರಡರ ನಡುವೆ ಮೂರನೆಯದೊಂದಿರಲೇಬೇಕು. ಅದನ್ನು ಲ್ಯಾಂಗ್ಲಿಯು ‘ಗ್ರಹಿಸುವ ಪದಾರ್ಥ’ ಎಂದು ಕರೆದನು. ಇಂದು ನಾವು ಗ್ರಾಹಕವೆನ್ನುತ್ತೇವೆ. (ಪೇಟೆಯಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ಈ ಶಬ್ದ ಅಂಗಡಿಯ ಗಿರಾಕಿಯನ್ನು ನೆನಪಿಗೆ ತರುವುದುಂಟು. ಅಡ್ಡಿಯಿಲ್ಲ, ಇದೂ ಆರಿಸಿ ಕೊಳ್ಳುವ ಗಿರಾಕಿಯೇ.) ಗ್ರಾಹಕವನ್ನು ಯಾರೂ ಕಂಡಿರಲಿಲ್ಲ. ಅದು ಜೀವಕೋಶದ ಪೊರೆಯಲ್ಲಿ ನೆಟ್ಟಿರುವ ಪ್ರೋಟೀನು ಎಂಬುದು ನಿಶ್ಚಯವಾಗಲು ಹಲವು ದಶಕಗಳೇ ಹಿಡಿದುವು.

ಕಾಣದ ವಸ್ತುವಿಗೆ ಗಣಿತವನ್ನು ಹಚ್ಚುವುದು ಭೌತವಿಜ್ಞಾನಿಗಳ ಹಳೆಯ ಚಟ. 1909ರಲ್ಲಿ, ಗಣಿತವನ್ನು ಓದಿ ಲ್ಯಾಂಗ್ಲಿಯ ಪ್ರಯೋಗಶಾಲೆಗೆ ಬಂದಿದ್ದ ಎ. ವಿ. ಹಿಲ್ ಎಂಬ ತರುಣನು ಕಪ್ಪೆಯ ಸ್ನಾಯುವಿನ ಮೇಲೆ ನಿಕೋಟಿನ್ನಿನ ಪರಿಣಾಮವನ್ನು ಅಳೆದು ಒಂದು ಸೂತ್ರವನ್ನು ಬರೆದನು. ಆ ಸೂತ್ರವನ್ನು ತಿಳಿಯಲು ನಾವು ಕೇಂಬ್ರಿಜ್ಜಿಗೆ ಹೋಗಬೇಕಾಗಿಲ್ಲ, ಬೈಲಹೊಂಗಲದ ಬಸ್ ನಿಲ್ದಾಣ ಸಾಕು.

ಬನದ ಹುಣ್ಣಿಮೆಯ ದಿನ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಬಸ್ಸನ್ನು ಊಹಿಸಿರಿ. ಅದರಲ್ಲಿ 50 ಸೀಟುಗಳು. ಈ ಬಸ್ಸಿನ ವಿಶೇಷವೇನೆಂದರೆ, ಕುಳಿತವರು ಕುಳಿತೇ ಇರುವುದಿಲ್ಲ. ಸ್ವಲ್ಪ ಹೊತ್ತು ಕುಳಿತು ಎದ್ದುಬಿಡುತ್ತಾರೆ, ಮತ್ತೊಬ್ಬರು ಕೂರುತ್ತಾರೆ. ಅಣುಗಳ ಪಾಡೂ ಹೀಗೆಯೇ. ಉಷ್ಣಚಲನೆಯು ಅವುಗಳನ್ನು ಒಂದು ಕ್ಷಣವೂ ಸುಮ್ಮನೆ ಬಿಡದು. ನಿಲ್ದಾಣದಲ್ಲಿ ಎಷ್ಟು ಜನಸಂದಣಿಯಿದ್ದರೆ ಸರಾಸರಿ ಅರ್ಧ ಸೀಟುಗಳು ತುಂಬಿರುವುವೋ ಆ ಸಂದಣಿಯನ್ನು K ಎನ್ನೋಣ. ಸಂದಣಿಯು C ಆಗಿದ್ದಾಗ ತುಂಬಿದ ಸೀಟುಗಳ ಪಾಲು C/(C+K). C ಮತ್ತು K ಸಮವಾಗಿದ್ದರೆ ಅರ್ಧ. C ಯು K ಯ ಒಂಬತ್ತು ಪಟ್ಟಾದರೆ ನೂರಕ್ಕೆ 90. ಇನ್ನು 90ರಿಂದ 99ಕ್ಕೆ ಏರಬೇಕಾದರೆ C ಯು K ಯ 99 ಪಟ್ಟಾಗಬೇಕು. ಸಂದಣಿಯನ್ನು ಹನ್ನೊಂದು ಪಟ್ಟು ಹೆಚ್ಚಿಸಿ ಗಳಿಸಿದ್ದು ನೂರಕ್ಕೆ ಒಂಬತ್ತು ಸೀಟು! ಘನವಸ್ತುವಿನ ಮೇಲ್ಮೈಗೆ ಅನಿಲದ ಅಣುಗಳು ಅಂಟುವ ಬಗೆಗೆ 1918ರಲ್ಲಿ ಲ್ಯಾಂಗ್ಮ್ಯೂರ್ ಬರೆದ ಸೂತ್ರವೂ ಇದೇ ಆಗಿದೆ. ಇದರಲ್ಲಿ ಸೀಟುಗಳ ಲೆಕ್ಕವಿದೆ, ಸಂದಣಿಯ ಲೆಕ್ಕವಿದೆ. ಗುದ್ದುವ ಬಲವೆಂಬುದು ಎಲ್ಲಿಯೂ ಇಲ್ಲ.

ಅಣುವು ಸೀಟಿನಲ್ಲಿ ಕೂರುವುದಾದರೂ ಹೇಗೆ? ಬಹುಪಾಲು ಔಷಧಗಳು ಗ್ರಾಹಕಕ್ಕೆ ಗಟ್ಟಿಯಾದ ರಾಸಾಯನಿಕ ಬಂಧದಿಂದ ಬೆಸೆದುಕೊಳ್ಳುವುದಿಲ್ಲ. ಇಂಗಾಲದ ಎರಡು ಪರಮಾಣುಗಳ ನಡುವಣ ಬಂಧವನ್ನು ಮುರಿಯಲು ಒಂದು ಮೋಲಿಗೆ ಸುಮಾರು 350 ಕಿಲೋಜೂಲುಗಳು ಬೇಕು. ದೇಹದ ಉಷ್ಣತೆಯಾದ 310 ಕೆಲ್ವಿನ್ನಿನಲ್ಲಿ ಉಷ್ಣಚಲನೆಯ ಅಳತೆಗೋಲು, ಎಂದರೆ RT ಯ ಬೆಲೆ, ಕೇವಲ 2.6 ಕಿಲೋಜೂಲು. ಔಷಧದ ಅಣುವನ್ನು ಹಿಡಿಯುವುವು ಧನ ಋಣ ವಿದ್ಯುದಂಶಗಳ ಸೆಳೆತ, ಜಲಜನಕದ ಬಂಧ, ಹತ್ತಿರ ಬಂದ ಪರಮಾಣುಗಳ ನಡುವಣ ಕ್ಷೀಣವಾದ ಆಕರ್ಷಣೆ. ಒಂದೊಂದೂ ಬಡಪಾಯಿ, ಒಂಟಿಯಾಗಿದ್ದರೆ ಉಷ್ಣಚಲನೆಯ ತಳ್ಳಾಟಕ್ಕೆ ಬೇಗನೆ ಬಿಚ್ಚಿಕೊಳ್ಳುವುದು. ಆದರೆ ಅಣುವಿನ ಆಕಾರವು ಗ್ರಾಹಕದ ಕುಳಿಗೆ ಒಪ್ಪಿದರೆ ಇಂಥ ಹತ್ತಾರು ಸೆಳೆತಗಳು ಏಕಕಾಲಕ್ಕೆ ಕೈಗೂಡಿ, ಅಟ್ರೋಪಿನ್ನಿನಂಥ ಅಣುವಿನ ವಿಷಯದಲ್ಲಿ ಒಟ್ಟು ಸುಮಾರು 50 ಕಿಲೋಜೂಲು, ಎಂದರೆ RT ಯ ಇಪ್ಪತ್ತು ಪಟ್ಟು ಆಗುತ್ತದೆ. ಬಹಳ ಹೊತ್ತು ಕೂರಲು ಇದು ಸಾಕು. ಎಂದಾದರೂ ಏಳಲು ಅಡ್ಡಿಯೂ ಇಲ್ಲ. ಪಠ್ಯಪುಸ್ತಕಗಳಲ್ಲಿ ಬರುವ ಬೀಗ ಮತ್ತು ಕೀಲಿಕೈಯ ಉಪಮೆ ನನಗೆ ಅಷ್ಟಾಗಿ ಒಗ್ಗದಿರುವುದು ಇದಕ್ಕೇ. 1894ರಲ್ಲಿ ಎಮಿಲ್ ಫಿಷರನು ಅದನ್ನು ಕಿಣ್ವಗಳ ವಿಷಯದಲ್ಲಿ ಹೇಳಿದಾಗ ಅದೊಂದು ದೊಡ್ಡ ಒಳನೋಟವೇ ಆಗಿತ್ತು. ಆದರೆ ಕಬ್ಬಿಣದ ಬೀಗ ನಡುಗುವುದಿಲ್ಲ, ಕೀಲಿಯು ತಾನಾಗಿ ಕಳಚಿ ಬೀಳುವುದಿಲ್ಲ.

ಹೀಗಿರಲು, ಒಂದು ಔಷಧದ ಬಗೆಗೆ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಅದು ಎಷ್ಟು ಬಿಗಿಯಾಗಿ ಕೂರುತ್ತದೆ? ಕುಳಿತ ಮೇಲೆ ಏನು ಮಾಡುತ್ತದೆ? ‘ಪವರ್’ ಎಂಬ ಶಬ್ದವು ಇವೆರಡನ್ನೂ ಕಲಸಿ ಮಿಲಿಗ್ರಾಮಿನ ಮೇಲೆ ಹೇರಿಬಿಡುತ್ತದೆ. ಥೈರಾಯ್ಡ್ ಗ್ರಂಥಿಯ ಕೊರತೆಗೆ ಕೊಡುವ ಥೈರಾಕ್ಸಿನ್ ಗುಳಿಗೆಯಲ್ಲಿರುವುದು 100 ಮೈಕ್ರೋಗ್ರಾಮು, ಎಂದರೆ 500 ಮಿಲಿಗ್ರಾಮಿನ ಐದು ಸಾವಿರದಲ್ಲೊಂದು ಪಾಲು. ಅದನ್ನು ದುರ್ಬಲವೆನ್ನುವವರು ಅದನ್ನು ಒಂದು ತಿಂಗಳು ಬಿಟ್ಟು ನೋಡಿದವರನ್ನು ಕೇಳಬೇಕು.

ಎರಡನೆಯ ಪ್ರಶ್ನೆಯೇ ನಮ್ಮ ಮಾವನವರ ಕಥೆಗೆ ಕೀಲಿ. ನರದ ತುದಿಯಿಂದ ಹೊರಡುವ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕ ಅಣುವಿದೆ. 1921ರಲ್ಲಿ ಆಟೋ ಲೋವಿಯು ಎರಡು ಕಪ್ಪೆಗಳ ಹೃದಯಗಳನ್ನಿಟ್ಟು, ಒಂದರ ನರವನ್ನು ಕೆಣಕಿ ನಿಧಾನಗೊಳಿಸಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದಕ್ಕೆ ಸುರಿದಾಗ ಅದೂ ನಿಧಾನವಾಯಿತು. ಆ ದ್ರವದಲ್ಲಿದ್ದುದು ಇದೇ ಅಣು. ಇದು ಗ್ರಾಹಕದಲ್ಲಿ ಕುಳಿತರೆ ಪ್ರೋಟೀನಿನ ಆಕಾರ ಬಾಗಿ ಕೋಶದೊಳಕ್ಕೆ ಸುದ್ದಿ ಮುಟ್ಟುತ್ತದೆ. ಜೊಲ್ಲು ಹರಿ, ಬೆವರು ಬಿಡು, ಪಾಪೆಯನ್ನು ಕಿರಿದು ಮಾಡು, ಹೃದಯವನ್ನು ನಿಧಾನಗೊಳಿಸು ಎಂಬುವು ಅದು ತರುವ ಸುದ್ದಿಗಳು. ಅಟ್ರೋಪಿನ್ನೂ ಅದೇ ಸೀಟಿನಲ್ಲಿ, ಇನ್ನೂ ಬಿಗಿಯಾಗಿ ಕೂರುತ್ತದೆ. ಆದರೆ ಪ್ರೋಟೀನು ಬಾಗುವುದಿಲ್ಲ. ಬಸ್ಸಿನ ಕಿಟಕಿಯಿಂದ ವಲ್ಲಿಯನ್ನು ಒಗೆದು ಸೀಟು ಹಿಡಿಯುವ ನಮ್ಮ ಪದ್ಧತಿಯನ್ನು ವಾಚಕರು ಬಲ್ಲರು. ವಲ್ಲಿಯು ಗುಡ್ಡಕ್ಕೆ ಹೋಗುವುದಿಲ್ಲ, ದೇವಿಗೆ ಕೈಮುಗಿಯುವುದಿಲ್ಲ. ಆದರೂ ಸೀಟು ಅದರದೇ. ಅಟ್ರೋಪಿನ್ ಇಂಥದೊಂದು ವಲ್ಲಿ.

ಮಾವನವರ ಮೈಗೆ ಸೋಕಿದ್ದು ಆರ್ಗನೋಫಾಸ್ಫೇಟ್ ವರ್ಗದ ಕೀಟನಾಶಕ. ಅಸಿಟೈಲ್‌ಕೋಲಿನ್ನನ್ನು ಕೆಲಸ ಮುಗಿದೊಡನೆ ಸೀಳಿಹಾಕಲು ದೇಹದಲ್ಲಿ ಒಂದು ಕಿಣ್ವವಿದೆ. ಅದರ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಸಂದೇಶವಾಹಕಗಳನ್ನು ಸೀಳಬಲ್ಲದು. ಈ ವಿಷವು ಆ ಕಿಣ್ವವನ್ನು ಹಿಡಿಯುತ್ತದೆ, ಅದೂ ಗಟ್ಟಿಯಾದ ರಾಸಾಯನಿಕ ಬಂಧದಿಂದ. ಪರಿಣಾಮವಾಗಿ ನಿಲ್ದಾಣದ ಜನ ಕರಗುವುದೇ ಇಲ್ಲ, C ಏರುತ್ತಲೇ ಇರುತ್ತದೆ. ಶ್ವಾಸಕೋಶದಲ್ಲಿ ದ್ರವ ತುಂಬಿ ಮನುಷ್ಯನು ನೆಲದ ಮೇಲೆಯೇ ಮುಳುಗುವ ಸ್ಥಿತಿ ಬರುತ್ತದೆ. ಆಗ ವಲ್ಲಿಗಳನ್ನು ಒಗೆಯಬೇಕು. ಎಷ್ಟು? ಅದು ವಲ್ಲಿಯ ಗುಣವನ್ನಷ್ಟೇ ಅವಲಂಬಿಸಿಲ್ಲ, ಎದುರಿರುವ ಸಂದಣಿಯನ್ನೂ ಅವಲಂಬಿಸಿದೆ. ಆರೋಗ್ಯವಂತನ ಬಾಯಿಯನ್ನು ಒಣಗಿಸಲು 0.6 ಮಿಲಿಗ್ರಾಮಿನ ಒಂದು ಕುಪ್ಪಿ ಸಾಕು; ವಿಷವೇರಿದವನಿಗೆ ಹತ್ತಾರು ಕುಪ್ಪಿಗಳೇ ಬೇಕಾಗಬಹುದು. ಎಷ್ಟು ವಿಷ ಒಳಹೊಕ್ಕಿದೆಯೆಂದು ಮೊದಲೇ ಅರಿಯುವ ಉಪಾಯ ವೈದ್ಯರಿಗಿಲ್ಲ. ಆದುದರಿಂದಲೇ ಅವರು ಕೊಟ್ಟು, ಕಾದು, ಎದೆಯನ್ನು ಕೇಳಿ, ಇಮ್ಮಡಿಸಿ, ಮತ್ತೆ ಕೇಳುತ್ತಾರೆ. ನಮ್ಮ ಹಿರಿಯರು ಕೇಳಿದ ‘ಒಂದೇ ಪವರಿನ’ ಚುಚ್ಚುಮದ್ದು ಎಂಬುದು ಇರಲು ಸಾಧ್ಯವೇ ಇಲ್ಲ. ಕಡಿಮೆಯಾದರೆ ರೋಗಿ ಮುಳುಗುತ್ತಾನೆ, ಹೆಚ್ಚಾದರೆ ಮಿದುಳು ಕಲಕುತ್ತದೆ.

ಬೆಳಗಿನ ಬಡಬಡಿಕೆ ಅದೇ. ವಲ್ಲಿಗಳು ಸಂದಣಿಗಿಂತ ತುಸು ಮಿಗಿಲಾಗಿದ್ದುವು. ಆ ಚಿಹ್ನೆಗಳನ್ನು, ಎಂದರೆ ಕೆಂಪು ಮುಖ, ಒಣಗಿದ ಬಾಯಿ, ಹಿಗ್ಗಿದ ಪಾಪೆ, ಭ್ರಮೆಗಳನ್ನು, ನಮ್ಮ ಹಳ್ಳಿಗರು ಬೇರೊಂದು ಹೆಸರಿನಿಂದ ಬಲ್ಲರು: ದತ್ತೂರಿ ತಿಂದವನ ಹುಚ್ಚು. ಅದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ, ಶಿವಪೂಜೆಗೆ ಹೂ ಕೊಡುವ ದತ್ತೂರಿಯಲ್ಲಿರುವುದು ಅಟ್ರೋಪಿನ್ನೂ ಅದರ ಒಡಹುಟ್ಟುಗಳೂ ಆಗಿವೆ. ಹಾಗೆಂದು ವಿಷವೇರಿದವರಿಗೆ ದತ್ತೂರಿಯನ್ನು ಅರೆದು ಕುಡಿಸಲು ಯಾರಾದರೂ ಹೊರಟರೆ ಅದು ಕೊಲೆಗೆ ಸಮಾನ. ಗಿಡದಿಂದ ಗಿಡಕ್ಕೆ, ಎಲೆಯಿಂದ ಬೀಜಕ್ಕೆ ಆ ಪದಾರ್ಥದ ಪ್ರಮಾಣ ಬದಲಾಗುತ್ತದೆ, ಇಲ್ಲಿ ಇರುವುದೆಲ್ಲ ಎಣಿಕೆಯ ಆಟ.

ಬೆಳಿಗ್ಗೆ ಮಾವನವರನ್ನು ಎತ್ತಿಕೊಂಡು ಹೊರಟಿದ್ದರೆ ಆಗುತ್ತಿದ್ದ ಅಪಾಯ ಇನ್ನೊಂದಿದೆ. ಲ್ಯಾಂಗ್ಲಿಯು ಕಂಡ ನಿಕೋಟಿನ್ನಿನ ಸೀಟುಗಳು ಬೇರೆ ಜಾತಿಯವು. ಕೈಕಾಲುಗಳನ್ನೂ ಉಸಿರಾಟದ ಸ್ನಾಯುಗಳನ್ನೂ ಆಳುವುವು ಅವೇ. ಚಿಕಿತ್ಸೆಯಲ್ಲಿ ಕೊಡುವ ಪ್ರಮಾಣದಲ್ಲಿ ಅಟ್ರೋಪಿನ್ನಿಗೆ ಅಲ್ಲಿ ಜಾಗವಿಲ್ಲ. ಆದಕಾರಣ ಜೊಲ್ಲು ನಿಂತು, ಎದೆ ತಿಳಿಯಾಗಿ, ರೋಗಿಯು ಗುಣವಾದಂತೆ ಕಂಡ ಒಂದೆರಡು ದಿನಗಳ ಮೇಲೂ ಉಸಿರಿನ ಸ್ನಾಯುಗಳು ಸೋತು ಕೃತಕ ಉಸಿರಾಟದ ಯಂತ್ರ ಬೇಕಾಗುವುದುಂಟು. ಕೊಬ್ಬಿನಲ್ಲಿ ಅಡಗಿದ್ದ ವಿಷವು ಮೆಲ್ಲಗೆ ಹೊರಬರುವುದೂ ಉಂಟು. ವೈದ್ಯರು ಅಂದು ಗದರಿಸಿ ತಡೆದರು. ಒಂಬತ್ತು ದಿನಗಳ ತರುವಾಯ ಮಾವನವರು ನಡೆದುಕೊಂಡೇ ಮನೆಗೆ ಬಂದರು.

ಎಲ್ಲರಿಗೂ ಆ ಭಾಗ್ಯವಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಸಿಂಪಡಿಸುವಾಗ ವಿಷ ತಗಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯದೂ ನಮ್ಮಂತೆಯೇ ಕಪ್ಪು ಮಣ್ಣು, ನಮ್ಮಂತೆಯೇ ಬೆನ್ನ ಮೇಲಿನ ಪಂಪು. ನಮ್ಮ ನಾಲ್ಕು ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಬಲ್ಲವರು ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರೇ. ಅವರಿಗೆ ನನ್ನ ಬಿನ್ನಹವಿಷ್ಟು. ವಜ್ರಾಕೃತಿಯ ಗುರುತಿನ ಬಣ್ಣವನ್ನು ನೋಡಿರಿ: ಕೆಂಪು ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಪ್ರತಿವಿಷದ ಸಾಲನ್ನು ಓದಿರಿ. ಎಲ್ಲ ಕೀಟನಾಶಕಗಳಿಗೂ ಅಟ್ರೋಪಿನ್ ಪ್ರತಿವಿಷವಲ್ಲ, ಸೀಟು ಬೇರೆಯಾದರೆ ವಲ್ಲಿಯೂ ವ್ಯರ್ಥ. ವಿಷ ತಗಲಿದವರ ಬಟ್ಟೆಯನ್ನು ತೆಗೆದು, ಮೈಯನ್ನು ಸಾಬೂನು ನೀರಿನಿಂದ ತೊಳೆದು, 108ಕ್ಕೆ ಕರೆಮಾಡಿ, ಬಾಟಲಿಯೊಡನೆ ಆಸ್ಪತ್ರೆಗೆ ಒಯ್ಯಿರಿ. ಮಜ್ಜಿಗೆಗಾಗಿ ನಿಲ್ಲಬೇಡಿರಿ.

ಇದೆಲ್ಲ ಜೀವಶಾಸ್ತ್ರದವರ ಪಾಠ, ಭೌತಶಾಸ್ತ್ರದವನಿಗೇಕೆ ಎನ್ನುವವರು ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಬಳಿ ಭೌತವಿಜ್ಞಾನವನ್ನು ಕಲಿತ ಜಿ. ಎನ್. ರಾಮಚಂದ್ರನ್ನರೇ 1963ರಲ್ಲಿ, ಪ್ರೋಟೀನಿನ ಸರಪಳಿಯು ಯಾವ ಯಾವ ಕೋನಗಳಲ್ಲಿ ಮಡಿಯಬಲ್ಲದೆಂಬುದರ ನಕ್ಷೆಯನ್ನು ಮದರಾಸಿನಿಂದ ಪ್ರಕಟಿಸಿದವರು. ಗ್ರಾಹಕದ ರಚನೆಯನ್ನು ಬಿಡಿಸುವವರು ಇಂದಿಗೂ ತಮ್ಮ ಫಲಿತಾಂಶವನ್ನು ಆ ನಕ್ಷೆಯ ಮೇಲಿಟ್ಟು ಪರೀಕ್ಷಿಸುತ್ತಾರೆ. ನಮ್ಮ ಪದವಿ ತರಗತಿಗಳಲ್ಲಿ ಅನಿಲದ ಅಣುಗಳ ವೇಗವನ್ನು ಲೆಕ್ಕ ಹಾಕಿಸುತ್ತೇವೆ. ಅದೇ ಉಷ್ಣಚಲನೆ ನಮ್ಮ ನರದ ತುದಿಯಲ್ಲಿ ಏನು ಮಾಡುತ್ತಿದೆಯೆಂದು ಒಂದು ಗಂಟೆ ಹೇಳಿದರೆ ಪಾಠಕ್ರಮವೇನೂ ಕುಸಿಯಲಾರದು. ನಾನು ಹೇಳುತ್ತೇನೆ, ಪರೀಕ್ಷೆಗೆ ಬರುವುದಿಲ್ಲವೆಂದು ಕೆಲವರು ಗೊಣಗುತ್ತಾರೆ.

ಕಳೆದ ವರ್ಷ ಸವದತ್ತಿಯ ಕಡೆಯ ಹಳ್ಳಿಯೊಂದರಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಬಸ್ಸಿನ ಸೂತ್ರವನ್ನು ಬರೆದುಕೊಂಡು, “ಸೀಟು ಎಲ್ಲಾ ತುಂಬಿದ ಮ್ಯಾಲೆ ಉಳದವರು ಏನ್ ಮಾಡ್ತಾರ್ರಿ ಸರ್?” ಎಂದು ಕೇಳಿದಳು. ಬೇರೆ ಬಸ್ಸು ಹತ್ತುತ್ತಾರೆ ಎಂದೆ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಶ್ವಾಸನಾಳದ ಗ್ರಾಹಕಗಳಲ್ಲಿ ಕುಳಿತು ನಾಳವನ್ನು ಸಡಿಲಿಸುತ್ತದೆ. ಮಿಕ್ಕಿದ್ದು ಕೈಯ ಸ್ನಾಯುಗಳಿಗೂ ಹೃದಯಕ್ಕೂ ಹೋಗಿ ಕೂರುತ್ತದೆ. ಅದರ ಗುಳಿಗೆಯಲ್ಲಿರುವುದು 4 ಮಿಲಿಗ್ರಾಮು; ನುಂಗಿದರೆ ರಕ್ತದ ಮೂಲಕ ಮೈಯೆಲ್ಲ ಸುತ್ತುತ್ತದೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಇನ್‌ಹೇಲರಿನ ಎರಡು ಸೇದಿಕೆಗಳಲ್ಲಿರುವುದು 200 ಮೈಕ್ರೋಗ್ರಾಮು, ಗುಳಿಗೆಯ ಇಪ್ಪತ್ತರಲ್ಲೊಂದು ಪಾಲು. ಅದು ಬೇಕಾದ ಬಸ್ಸಿನ ಬಾಗಿಲಿಗೇ ಹೋಗಿ ಇಳಿಯುತ್ತದೆ. ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಅಜ್ಜಿಗೆ ಉಬ್ಬಸವಿದೆಯೆಂದೂ, ಇನ್‌ಹೇಲರಿನ ಪವರ್ ಬಹಳ, ಚಟ ಹತ್ತುತ್ತದೆ ಎಂದು ಮನೆಯವರು ಅದನ್ನು ಗಡಿಗೆಯ ಹಿಂದೆ ಎತ್ತಿಟ್ಟು ಗುಳಿಗೆಯನ್ನೇ ಕೊಡುತ್ತಿದ್ದಾರೆಂದೂ ಹೇಳಿದಳು. ಮರುದಿನ ಅಜ್ಜಿಯನ್ನು ಇನ್‌ಹೇಲರಿನೊಡನೆ ವೈದ್ಯರ ಬಳಿಗೆ ಕರೆದೊಯ್ಯಲು ತರಗತಿಗೆ ರಜೆ ಕೇಳಿದಳು.